ಕೆಂಪಾಗುವ ಹೊತ್ತು

ಈ ಕಥೆಯನ್ನು ಸಮಾಧಾನವಾಗಿ ಹೇಳಬೇಕು ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂದುಬಿಡುತ್ತದೆ. ಬರಲಿ ಬಿಡಿ. ಇದರೊಳಗಿನ ಗುರುಗಳೂ ಶಾಂತಮೂರ್ತಿಯೇನಲ್ಲ.

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ವಯಸ್ಸಾದ ಗುರುಗಳೊಬ್ಬರು. ಶಿಷ್ಯರೂ ಊರವರೂ ಅವರನ್ನು ‘ಬುದ್ಧಿ’ ಅಂತ ಕರೆಯುತ್ತಿದ್ದರು.

ಅವರಿಗೆ ಕೋಪ ಮೂಗಿನ ತುದಿಯಲ್ಲೇ. “ನಮ್ಮ ಬುದ್ಧಿಯೋರು ಕೋಪ ಗೆದ್ದವರು” ಅಂತ ಯಾರೋ ಒಮ್ಮೆ ಹೊಗಳಿದ್ದಕ್ಕೆ ಅವನ ಮೇಲೆ ನೀರಿನ ಚೊಂಬು ಎಸೆದಿದ್ದರು.

ಹಿರಿಯ ಶಿಷ್ಯನ ಹೆಸರು ಪರ್ವತಯ್ಯ. ಹದಿನಾಲ್ಕು ವರ್ಷದಿಂದ ಅಲ್ಲಿದ್ದವನು. ಓದಿದವನು, ಅಚ್ಚುಕಟ್ಟಿನವನು, ಅಂಗಳದಲ್ಲಿ ಒಂದು ಎಲೆ ಬಿದ್ದರೂ ಯಾರನ್ನಾದರೂ ಬೈಯುವವನು.

ಹೊಳೆಯಾಚೆ ಇನ್ನೊಂದು ಸಣ್ಣ ಆಶ್ರಮವಿತ್ತು. ಅಲ್ಲಿನ ಗುರು ತೀರಿಕೊಂಡು ಗದ್ದುಗೆ ಖಾಲಿ ಬಿದ್ದಿತ್ತು. ಮನಸ್ಸಿನಲ್ಲಿ ಪರ್ವತಯ್ಯ ಆಗಲೇ ಹೋಗಿ ಅದರ ಮೇಲೆ ಕೂತಾಗಿತ್ತು.

ಗುರುಗಳು ಅವನಿಗೆ ಒಂದೇ ಪ್ರಶ್ನೆ ಹಾಕಿದ್ದರು.

“ಬಣ್ಣ ಎಲ್ಲಿಂದ ಬರುತ್ತಯ್ಯಾ? ಅದೊಂದು ಹೇಳು. ಹೇಳಿ ಹೊಳೆ ದಾಟು.”

ಪರ್ವತಯ್ಯ ಮಾರನೆಯ ದಿನವೇ ಬಂದ.

“ಬೆಳಕಿನಿಂದ ಬರುತ್ತೆ, ಬುದ್ಧಿ.”

“ಹೊಳೆ ನೋಡು. ನೀರು ಯಾವ ಬಣ್ಣ?”

“ನೀಲಿ.”

“ಬೊಗಸೆಗೆ ತಗೊ. ಈಗ?”

“ಬಣ್ಣವೇ ಇಲ್ಲ.”

“ಬಿಸಿಲು ಅದೇ ತಾನೇ? ನಿನ್ನ ಬೊಗಸೆ ಕಂಡು ಹೆದರಿ ಓಡಿಹೋಯ್ತಾ? ಹೋಗು.”

ಹತ್ತು ದಿನ ಬಿಟ್ಟು ಮತ್ತೆ ಬಂದ.

“ಕಣ್ಣಿನಿಂದ, ಬುದ್ಧಿ. ನೋಡುವವನಿಲ್ಲದಿದ್ದರೆ ಬಣ್ಣವೂ ಇಲ್ಲ.”

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಾಗಾದರೆ ಕಾಮಾಲೆ ಹಿಡಿದವನನ್ನೇ ಹುಡುಕಿ ಗದ್ದುಗೆ ಮೇಲೆ ಕೂರಿಸ್ತೀನಿ. ಹೋಗು.”

ಇನ್ನೂ ಹತ್ತು ದಿನ ಕಳೆಯಿತು. ಪರ್ವತಯ್ಯ ಈ ಸಲ ಎದೆಯುಬ್ಬಿಸಿಕೊಂಡು ಬಂದ.

“ಬಣ್ಣ ಆಯಾ ವಸ್ತುವಿನ ಹುಟ್ಟುಗುಣ, ಬುದ್ಧಿ. ಒಳಗೆ ಇದ್ದದ್ದು ಇರುತ್ತೆ. ಇಲ್ಲದ್ದು ಯಾವತ್ತಿಗೂ ಬರೋದಿಲ್ಲ.”

ಈ ಸಲ ಗುರುಗಳು ಹೋಗು ಅನ್ನಲಿಲ್ಲ.

“ಈ ಮಾತು ಚೆನ್ನಾಗಿ ನೆನಪಿಟ್ಕೊ,” ಅಂದರು. “ಬೇಕಾಗುತ್ತೆ.”

ಒಪ್ಪಿಗೆ ಸಿಕ್ಕಿತು ಅಂತಲೇ ಪರ್ವತಯ್ಯ ತಿಳಿದ. ಹೊಸ ಬಿಳಿ ಶಲ್ಯ ತರಿಸಿದ. ಬರುವ ಹುಣ್ಣಿಮೆಗೆ ನನಗೆ ಪಟ್ಟ ಅಂತ ಊರಿಗೆಲ್ಲ ಹೇಳಿಕೊಂಡು ಬಂದ. ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಈಗ ದೇವೀರಮ್ಮನ ಮಾತು ಹೇಳಬೇಕು. ನನಗೆ ಸಿಟ್ಟು ಬರುವುದು ಇಲ್ಲಿಂದ.

ದೇವೀರಮ್ಮನಿಗೆ ಇಪ್ಪತ್ತೆರಡನೇ ವಯಸ್ಸಿಗೆ ಗಂಡ ಸತ್ತ. ಅತ್ತೆ ಮನೆಯವರು ನಿನ್ನ ಕಾಲ್ಗುಣ ಅಂದರು. ಅಣ್ಣನ ಮನೆಗೆ ಹೋದರೆ ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ಒಂದು ಚೊಂಬು ನೀರು ಕೊಟ್ಟಳು, ಒಳಗೆ ಬಾ ಅನ್ನಲಿಲ್ಲ. ಅಲ್ಲಿಂದ ನಡೆದುಕೊಂಡು ಆಶ್ರಮಕ್ಕೆ ಬಂದಳು. ಬಂದು ಒಂಬತ್ತು ವರ್ಷವಾಗಿತ್ತು. ಅವಳಿಗೆ ಬೇರೆ ಜಾಗ ಇರಲಿಲ್ಲ.

ಪಾಠದ ಹೊತ್ತಿನಲ್ಲಿ ಹಿಂದಿನ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು. ಮಿಕ್ಕ ಹೊತ್ತೆಲ್ಲ ಎರಡು ಕೆಲಸ. ಒಂದು, ಆಶ್ರಮದವರೆಲ್ಲರ ಬಟ್ಟೆ ಒಗೆಯುವುದು. ಇನ್ನೊಂದು, ಅರಿಸಿನ ಕುಟ್ಟುವುದು.

ಹುಣ್ಣಿಮೆ ದಿನ ಊರೂರಿಂದ ಹೆಂಗಸರು ಆ ಆಶ್ರಮಕ್ಕೆ ಬರುತ್ತಿದ್ದರು. ಅವರಿಗೆ ಕೊಡುವ ಕುಂಕುಮ ಅಲ್ಲೇ ಆಗಬೇಕು. ಅರಿಸಿನದ ಕೊಂಬು ಕುಟ್ಟಿ, ಜರಡಿ ಹಿಡಿದು, ನೀರು ಚಿಮುಕಿಸಿ ಕಲಸುವುದು. ಅದಕ್ಕೆ ಸುಣ್ಣದ ತಿಳಿನೀರು ಹುಯ್ಯುವುದು. ಹುಯ್ದ ಕ್ಷಣ ಹಳದಿ ಹೋಗಿ ಕೆಂಪಾಗುತ್ತದೆ. ಒಣಗಿಸಿದರೆ ಕುಂಕುಮ.

ಕುಟ್ಟುವ ತನಕ ದೇವೀರಮ್ಮ ಬೇಕು. ರಟ್ಟೆ ನೋಯುವ ಕೆಲಸ ನೋಡಿ, ಅದಕ್ಕೆ ಶಾಸ್ತ್ರ ಅಡ್ಡ ಬರುವುದಿಲ್ಲ. ಕುಟ್ಟಿ ಕಲಸಿ, ಹರಿವಾಣ ತಂದು ಕುಂಕುಮದ ಕೋಣೆಯ ಹೊಸಿಲ ಮೇಲೆ ಇಡಬೇಕು. ಇಟ್ಟು ಹೊರಟುಹೋಗಬೇಕು. ಒಳಗೆ ಸುಣ್ಣ ಹುಯ್ಯುವವರು ಮುತ್ತೈದೆಯರು. ಕೆಂಪಾಗುವ ಹೊತ್ತಿಗೆ ಗಂಡ ಸತ್ತವಳು ಅಲ್ಲಿರಬಾರದು, ನೋಡಲೂಬಾರದು. ಬಾಗಿಲು ಹಾಕಿಬಿಡುತ್ತಿದ್ದರು.

ಹುಣ್ಣಿಮೆ ದಿನ ಎರಡು ಸಾಲು. ಮುತ್ತೈದೆಯರ ಸಾಲಿಗೆ ಕುಂಕುಮ, ಗಂಡ ಸತ್ತವರ ಸಾಲಿಗೆ ಬರೀ ವಿಭೂತಿ. ಎರಡು ತಟ್ಟೆ ಹಿಡಿದು ನಿಲ್ಲುತ್ತಿದ್ದವನು ಪರ್ವತಯ್ಯ. ತಟ್ಟೆ ಒಂದು ದಿನವೂ ಅದಲು ಬದಲಾಗಿದ್ದಿಲ್ಲ.

ಈ ನಿಯಮ ಯಾರು ಮಾಡಿದ್ದು ಅಂತ ಕೇಳಿದರೆ ಎಲ್ಲರೂ ಹಿಂದಕ್ಕೆ ಕೈ ತೋರಿಸುತ್ತಿದ್ದರು. ಹಿಂದೆ ತಿರುಗಿ ನೋಡಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಹುಣ್ಣಿಮೆಗೆ ಇನ್ನೆರಡು ದಿನ ಇತ್ತು. ಬೆಳಗ್ಗೆ ದೇವೀರಮ್ಮ ತುಂಬಿದ ಹರಿವಾಣವನ್ನು ಸೊಂಟದ ಮೇಲಿಟ್ಟುಕೊಂಡು ಹೊಸಿಲ ಹತ್ತಿರ ಬಂದಳು. ಒಳಗೆ ಮೂವರು ಮುತ್ತೈದೆಯರು ಸುಣ್ಣದ ತಿಳಿಯ ಮಡಕೆ ಮುಂದಿಟ್ಟುಕೊಂಡು ಕೂತಿದ್ದರು. ಅವರಲ್ಲಿ ದೊಡ್ಡವಳು ಕೆಂಪಾಜಮ್ಮ.

“ಮಂಡಿ ನೋವು ಕಣವ್ವ, ಏಳಕ್ಕಾಗಲ್ಲ,” ಅಂದಳು ಕೆಂಪಾಜಮ್ಮ. “ಒಂದೆಜ್ಜೆ ಒಳಕ್ಕೆ ತಂದು ಮಡಗ್ಬಿಡು.”

ದೇವೀರಮ್ಮ ಒಂದು ಕಾಲು ಎತ್ತಿದಳು.

“ಏಯ್! ಹೊಸಿಲು ಕಾಣಲ್ವಾ ನಿನಗೆ?”

ಪರ್ವತಯ್ಯ. ಹೊಸ ಶಲ್ಯ ಹೊದ್ದು ನೋಡಿಕೊಳ್ಳುತ್ತಾ ಜಗಲಿಯ ಮೇಲೆ ಓಡಾಡುತ್ತಿದ್ದವನು ಮೆಟ್ಟಿಲ ತುದಿಗೆ ಬಂದು ನಿಂತಿದ್ದ. ಅವಳು ಗಕ್ಕನೆ ತಿರುಗಿದಳು. ಎಲ್ಲಿ ತನಗೆ ತಗಲುತ್ತಾಳೋ ಅಂತ ಅವನು ಹಿಂದಕ್ಕೆ ಸರಿದ. ಹಿಂದೆ ಮೆಟ್ಟಿಲಿತ್ತು, ಹಿಮ್ಮಡಿ ಜಾರಿತು.

ದೇವೀರಮ್ಮ ಕೈ ಚಾಚಿ ಅವನ ಭುಜ ಹಿಡಿದು ನಿಲ್ಲಿಸಿದಳು. ಹಿಡಿಯದಿದ್ದರೆ ಕಲ್ಲಿಗೆ ಬಿದ್ದು ತಲೆ ಒಡೆಯುತ್ತಿತ್ತು.

ಬಿಳಿ ಶಲ್ಯದ ಮೇಲೆ ಐದು ಬೆರಳೂ ಹಳದಿಯಾಗಿ ಮೂಡಿದವು.

“ಮುಟ್ಟಿದೆಯಲ್ಲ! ಪಟ್ಟದ ಶಲ್ಯ ಇದು!”

“ಬೀಳ್ತಿದ್ರಿ, ಅಯ್ಯನೋರೆ.”

“ಬಿದ್ದರೆ ಬೀಳಲಿ ಅಂತ ಬಿಡಬೇಕಿತ್ತು!”

“ಗೊತ್ತಾಗಲಿಲ್ಲ. ಮುಂದಿನ ಸಲ ಬಿಡ್ತೀನಿ.”

ಒಳಗೆ ಕೆಂಪಾಜಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು.

“ಒಗೆದುಕೊಡ್ತೀನಿ, ಕೊಡಿ,” ಅಂದಳು ದೇವೀರಮ್ಮ, ಹರಿವಾಣವನ್ನು ಹೊಸಿಲ ಮೇಲಿಟ್ಟು.

“ನೀನು ಮುಟ್ಟಿದ್ದೇ ಸಾಕು,” ಅಂತ ಹೇಳಿ ಪರ್ವತಯ್ಯ ತಾನೇ ಹೊಳೆಗೆ ಹೋದ.

ಒಂಬತ್ತು ವರ್ಷದಿಂದ ಅವನ ಬಟ್ಟೆ ಒಗೆದವಳು ಅವಳೇ. ಒಗೆಯುವಾಗ ಮುಟ್ಟುವುದಿಲ್ಲವೇ ಅಂತ ನನ್ನನ್ನು ಕೇಳಬೇಡಿ. ಆ ಮಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ನನಗೂ ತಿಳಿದಿಲ್ಲ.

ಪರ್ವತಯ್ಯ ಶಲ್ಯವನ್ನು ಕಲ್ಲಿನ ಮೇಲೆ ಹರಡಿದ. ಸೋಪು ತಿಕ್ಕಿದ. ಬಣ್ಣದ ಬಗ್ಗೆ ತಿಂಗಳಿಡೀ ಗ್ರಂಥ ತಿರುವಿಹಾಕಿದವನಿಗೆ ಒಂದು ಸಣ್ಣ ವಿಷಯ ಗೊತ್ತಿರಲಿಲ್ಲ. ಬಟ್ಟೆ ಒಗೆಯುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು.

ಹಳದಿ ಕೈ ಕೆಂಪಗಾಯಿತು.

ಅವನು ಬೆಚ್ಚಿಬಿದ್ದ. ಇನ್ನಷ್ಟು ಸೋಪು ಹಾಕಿ ಉಜ್ಜಿದ. ಉಜ್ಜಿದಷ್ಟೂ ಕೆಂಪಾಯಿತು. ಐದು ಬೆರಳು, ಒಂದು ಅಂಗೈ, ಕುಂಕುಮದಲ್ಲಿ ಅದ್ದಿ ಒತ್ತಿದ ಹಾಗೆ.

ಪರ್ವತಯ್ಯ ಒದ್ದೆ ಶಲ್ಯ ಹಿಡಿದುಕೊಂಡು ಓಡಿದ.

ಗುರುಗಳು ಹೊಂಗೆ ಮರದ ಕೆಳಗೆ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಕೂಗಾಟಕ್ಕೆ ಶಿಷ್ಯರೆಲ್ಲ ಬಂದು ಸೇರಿದರು. ದೇವೀರಮ್ಮನೂ ಬಂದು ನಿಂತಳು. ಮುತ್ತೈದೆಯರು ಜಗಲಿಯಿಂದಲೇ ಇಣುಕಿದರು.

“ನೋಡಿ ಬುದ್ಧಿ! ಇವಳು ಕುಂಕುಮದ ಕೋಣೆಗೆ ನುಗ್ಗಿದಾಳೆ. ಕೆಂಪು ಮುಟ್ಟಿದಾಳೆ. ಮುಟ್ಟಿದ ಕೈ ನನ್ನ ಶಲ್ಯದ ಮೇಲೆ ಒತ್ತಿದಾಳೆ. ಹಳದಿ ಅಂತ ಕಾಣಿಸಿ ಕೆಂಪಾಯ್ತು. ಇದು ಮಾಟ ಅಲ್ಲದೆ ಇನ್ನೇನು?”

ಗುರುಗಳು ಒಂದು ಕಾಯಿ ಬಿಡಿಸಿದರು.

“ಏನು ಮಾಡಬೇಕು ಅಂತೀಯ?”

“ಇವಳು ಇವತ್ತೇ ಆಶ್ರಮ ಬಿಡಬೇಕು. ಇಲ್ಲ ಅಂದರೆ ನಾನು ಬಿಡ್ತೀನಿ.”

ಅಲ್ಲಿದ್ದವರೆಲ್ಲ ಅವಳು ಒಗೆದ ಬಟ್ಟೆ ಉಟ್ಟವರೇ. ಒಬ್ಬನಾದರೂ ಬಾಯಿ ಬಿಡಬಾರದಿತ್ತೇ? ಎಲ್ಲರೂ ನೆಲ ನೋಡುತ್ತಾ ನಿಂತಿದ್ದರು.

“ಕೆಂಪು ಮುಟ್ಟಿದೆಯಾ, ದೇವೀರಮ್ಮ?”

ಅವಳು ಎರಡೂ ಅಂಗೈ ಚಾಚಿದಳು. ಮೊಣಕೈ ತನಕ ಹಳದಿ.

“ಇದರಲ್ಲಿ ಕೆಂಪೆಲ್ಲಿದೆ, ಬುದ್ಧಿ? ಅರಿಸಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುತ್ತೆ. ಮಾಟವೂ ಇಲ್ಲ, ಮಂತ್ರವೂ ಇಲ್ಲ. ಬಟ್ಟೆ ಒಗೆದಿದ್ದರೆ ಗೊತ್ತಿರೋದು.”

“ಸುಳ್ಳು!” ಅಂದ ಪರ್ವತಯ್ಯ. “ಅರಿಸಿನದಲ್ಲಿ ಕೆಂಪಿಲ್ಲ. ಸೋಪಿನಲ್ಲೂ ಕೆಂಪಿಲ್ಲ. ಇಲ್ಲದ್ದು ಎಲ್ಲಿಂದ ಬರುತ್ತೆ?”

ಗುರುಗಳು ಮೊರ ಎತ್ತಿ ಕುಕ್ಕಿದರು. ಅವರೆಕಾಳು ಅಂಗಳದ ತುಂಬ ಚೆಲ್ಲಾಡಿತು.

“ಅಯ್ಯೋ ಮಂಕೇ! ಅದನ್ನೇ ಕಣಯ್ಯ ನಾನು ಒಂದು ತಿಂಗಳಿಂದ ನಿನ್ನ ಕೇಳ್ತಾ ಇರೋದು!”

ಗುರುಗಳು ಶಲ್ಯದ ಕಡೆ ಕೈ ತೋರಿಸಿದರು.

“ಇದ್ದದ್ದು ಇರುತ್ತೆ, ಇಲ್ಲದ್ದು ಬರಲ್ಲ ಅಂದೆಯಲ್ಲ? ಬಂದು ನಿನ್ನ ಶಲ್ಯದ ಮೇಲೆ ಕೂತಿದೆ ನೋಡು. ಈಗ ಹೇಳು. ಎಲ್ಲಿಂದ ಬಂತು?”

“ಸೋಪಿನ ಕೆಂಪು ಬೇರೆ, ಬುದ್ಧಿ,” ಪರ್ವತಯ್ಯ ತಡವರಿಸಿದ. ಆದರೆ ಓದಿದವನು ಸುಲಭಕ್ಕೆ ಸೋಲುತ್ತಾನೆಯೇ? ಬೇಗ ಸುಧಾರಿಸಿಕೊಂಡ. “ಅದು ಬರೀ ಕಲೆ. ಕುಂಕುಮದ ಕೆಂಪು ಹಾಗಲ್ಲ. ಅದು ಮುತ್ತೈದೆಯ ಕೈಗುಣದಿಂದ ಬರೋದು.”

“ಕೈಗುಣ.”

“ಹೌದು, ಬುದ್ಧಿ. ಸೌಭಾಗ್ಯ ಇರೋ ಕೈ.”

“ಅಂದ್ರೆ ಮನೇಲಿ ಗಂಡ ಉಸಿರಾಡ್ತಾ ಇದ್ದರೆ ಇಲ್ಲಿ ಅರಿಸಿನ ಕೆಂಪಾಗುತ್ತೆ. ಅವನು ಉಸಿರು ಬಿಟ್ಟರೆ ಆಗಲ್ಲ. ಇದೇ ತಾನೇ ನಿನ್ನ ಉತ್ತರ? ಇದನ್ನ ಹೇಳಿ ಹೊಳೆ ದಾಟ್ತೀಯಾ?”

“ಶಾಸ್ತ್ರ ಹಾಗೆ…”

“ಶಾಸ್ತ್ರಕ್ಕೆ ಬೆಂಕಿ ಬೀಳಲಿ! ನೀನು ಹೇಳು, ಹೌದೋ ಅಲ್ಲವೋ?”

“…ಹೌದು, ಬುದ್ಧಿ.”

ಗುರುಗಳು ಎದ್ದರು. ಮಂಡಿ ಲಟಲಟ ಅಂದಿತು. ಪಕ್ಕದಲ್ಲಿದ್ದ ಚೊಂಬಿಗೆ ಹೆಬ್ಬೆರಳು ಅದ್ದಿದರು. ಒದ್ದೆ ಬೆರಳಿನಿಂದ ತಮ್ಮ ಹಣೆ ಉಜ್ಜಿದರು. ಅಂದು ಬೆಳಗ್ಗೆ ಒಲೆಯಿಂದ ತೆಗೆದು ಮೂರು ಗೆರೆ ಎಳೆದುಕೊಂಡಿದ್ದ ಬೂದಿ, ಅದೇ ಅವರ ವಿಭೂತಿ, ಬೆರಳಿಗೆ ಬಂತು.

“ಕೈ ಕೊಡು, ದೇವೀರಮ್ಮ.”

ಅವಳು ಬಲಗೈ ಚಾಚಿದಳು.

ಗುರುಗಳು ಬೂದಿಯ ಬೆರಳನ್ನು ಅವಳ ಅಂಗೈ ನಡುವೆ ಒತ್ತಿ ತಿರುವಿದರು. ಬೆರಳು ಎತ್ತಿದರು.

ಹಳದಿ ಅಂಗೈ ನಡುವೆ ಕೆಂಪು ಬೊಟ್ಟು.

“ನೋಡಯ್ಯಾ. ಇದು ಯಾವ ಮುತ್ತೈದೆ ಕೈಗುಣ? ನನಗೆ ಮದುವೆಯೇ ಆಗಿಲ್ಲ.”

ಹಿಂದಿನಿಂದ ಒಬ್ಬ ಶಿಷ್ಯ ಕೈ ಮುಗಿದು “ಪವಾಡ!” ಅಂದ.

“ಪವಾಡ ಅಂದವನಿಗೆ ಇವತ್ತು ಊಟ ಇಲ್ಲ. ಒಲೆ ಬೂದಿ ಕಣೋ ಅದು! ಪಾತ್ರೆ ತಿಕ್ಕೋ ಬೂದಿ!”

ಇಲ್ಲಿಗೆ ಕಥೆ ಮುಗಿಯಿತು ಅಂತ ಎಷ್ಟೋ ಜನ ಏಳುತ್ತಾರೆ. ಗುರು ದೊಡ್ಡವರು, ಶಿಷ್ಯ ದಡ್ಡ, ನಮಸ್ಕಾರ. ಕೂತುಕೊಳ್ಳಿ, ಇನ್ನೂ ಇದೆ.

ದೇವೀರಮ್ಮ ಕೈ ಮುಗಿಯಲಿಲ್ಲ. ಅಂಗೈಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ತಲೆ ಎತ್ತಿದಳು.

“ಇದು ನಿಮಗೆ ಮೊದಲೇ ಗೊತ್ತಿತ್ತಾ, ಬುದ್ಧಿ?”

“ಗೊತ್ತಿತ್ತು.”

“ಯಾವಾಗಿಂದ?”

“ಚಿಕ್ಕಂದಿನಿಂದ. ನಮ್ಮವ್ವ ಅರಿಸಿನದ ಕೈಲೇ ಒಲೆ ಬೂದಿ ಎತ್ತೋಳು. ಕೈ ಕೆಂಪಾಗೋದು. ನೋಡಿದ್ದೆ.”

“ಒಂಬತ್ತು ವರ್ಷದಿಂದ ನಾನು ಹೊಸಿಲ ಮೇಲೆ ಹರಿವಾಣ ಇಟ್ಟು ಹೋಗೋದನ್ನೂ ನೋಡಿದ್ರಿ?”

“ನೋಡಿದ್ದೆ.”

“ನನ್ನ ಹಿಂದೆ ಬಾಗಿಲು ಹಾಕ್ಕೊಳ್ಳೋ ಸದ್ದು ಕೇಳಿದ್ರಿ?”

“ಕೇಳಿದ್ದೆ.”

“ಹುಣ್ಣಿಮೆ ಹುಣ್ಣಿಮೆಗೂ ನಾನು ಆ ಎರಡನೇ ಸಾಲಲ್ಲಿ ನಿಂತಿದ್ದು?”

“ಕಂಡಿದ್ದೆ.”

ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ಅನ್ನಕ್ಕೆ ಉಪ್ಪು ಹೆಚ್ಚಾದರೆ ನಿಮಗೆ ಸಿಟ್ಟು. ಎಲೆ ಗುಡಿಸದಿದ್ದರೆ ಸಿಟ್ಟು. ಯಾರೋ ಹೊಗಳಿದರೂ ಸಿಟ್ಟು. ಬುದ್ಧಿಯೋರು ಬೆಂಕಿ, ಬುದ್ಧಿಯೋರು ಬೆಂಕಿ ಅಂತ ಊರೆಲ್ಲ ಅಂತಾರೆ. ಆ ಬೆಂಕಿ ಒಂದು ದಿನವಾದರೂ ಆ ಬಾಗಿಲಿಗೆ ಬಿತ್ತಾ? ನನ್ನ ವಿಷಯಕ್ಕೆ ಮಾತ್ರ ನೀವು ಬೂದಿ, ಬುದ್ಧಿ. ಬರೀ ಬೂದಿ.”

“ಏಯ್, ನಾಲಿಗೆ ಬಿಗಿಹಿಡಿ!” ಪರ್ವತಯ್ಯ ಮುಂದೆ ಬಂದ.

“ನೀನು ಬಾಯಿ ಮುಚ್ಚು,” ಅಂದರು ಗುರುಗಳು. ಜೋರಾಗಿ ಅನ್ನಲಿಲ್ಲ.

ಅವರು ಕೆಳಗೆ ಬಗ್ಗಿ ಎರಡು ಅವರೆಕಾಳು ಹೆಕ್ಕಿದರು. ಎಲ್ಲಿ ಹಾಕಬೇಕೋ ತಿಳಿಯದವರ ಹಾಗೆ ಕೈಯಲ್ಲೇ ಹಿಡಿದು, ಕೊನೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ನಿನ್ನ ಮಾತು ನಿಜ,” ಅಂದರು. “ಸಿಟ್ಟು ಬರಬಾರದ ಕಡೆಗೆಲ್ಲ ಬಂತು. ಬರಬೇಕಾದ ಕಡೆ ಬರಲಿಲ್ಲ.”

ಗುರುಗಳು ತಪ್ಪು ಒಪ್ಪಿಕೊಂಡದ್ದನ್ನು ಅಂಗಳದಲ್ಲಿದ್ದವರು ಕಂಡಿದ್ದು ಅದೇ ಮೊದಲು.

ಗುರುಗಳು ನೆಟ್ಟಗೆ ಜಗಲಿ ಹತ್ತಿ ಕುಂಕುಮದ ಕೋಣೆಗೆ ಹೋದರು. ಎಲ್ಲರೂ ಹಿಂದೆ ಹೋದರು. ಅವರು ಬಾಗಿಲು ಅಗಲಕ್ಕೆ ತೆರೆದು ಒಳಗೆ ನಿಂತು ಕರೆದರು.

“ಬಾ ಒಳಗೆ, ದೇವೀರಮ್ಮ.”

ಅವಳು ಹೊಸಿಲ ಆಚೆಯೇ ನಿಂತಳು.

“ಬರಲ್ಲ.”

“ನಾನೇ ಕರೀತಿದೀನಲ್ಲ!”

“ಅದಕ್ಕೇ ಬರಲ್ಲ. ಇವತ್ತು ನೀವು ಕರೆದ್ರಿ ಅಂತ ಒಳಗೆ ಬಂದ್ರೆ, ನಾಳೆ ಇನ್ನೊಬ್ಬರು ಹೋಗು ಅಂದ್ರು ಅಂತ ಹೊರಗೆ ಹೋಗಬೇಕಾಗುತ್ತೆ.”

ಗುರುಗಳ ಮುಖ ಕೆಂಪಗಾಯಿತು. ಚೊಂಬು ಹಾರಿಬಂತು ಅಂತಲೇ ಎಲ್ಲರೂ ಅಂದುಕೊಂಡರು.

ಅವರು ಬಗ್ಗಿ ಸುಣ್ಣದ ಮಡಕೆ ಎತ್ತಿದರು. ಭಾರದ ಮಡಕೆ. ಎದೆಗೆ ಅವುಚಿಕೊಂಡು ಹೊಸಿಲು ದಾಟಿ, ಮೆಟ್ಟಿಲಿಳಿದು, ಅಂಗಳದ ನಟ್ಟನಡುವೆ ಬಿಸಿಲಲ್ಲಿ 
ಇಟ್ಟರು. ಮತ್ತೆ ಹೋಗಿ ಹರಿವಾಣ ತಂದು ಪಕ್ಕದಲ್ಲಿಟ್ಟರು. ಶಿಷ್ಯನೊಬ್ಬ ಕೈ ಕೊಡಲು ಬಂದರೆ “ದೂರ ನಿಲ್ಲು” ಅಂತ ಗದರಿದರು.

“ಇಲ್ಲಿ ಹೊಸಿಲಿಲ್ಲ. ಯಾರೂ ಯಾರನ್ನೂ ಕರೆಯಬೇಕಾಗಿಲ್ಲ,” ಅಂದರು. ಏದುಸಿರು ಬಿಡುತ್ತಾ ಮೊರದ ಪಕ್ಕ ಕೆಳಗೆ ಕೂತರು.

ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಹರಿವಾಣದ ಮುಂದೆ ಕೂತಳು. ಮಡಕೆ ಕಡೆ ನೋಡಿದಳು.

“ಎಷ್ಟು ಹುಯ್ಯಬೇಕು?” ಅಂದಳು. “ನಾನು ನೋಡಿಲ್ಲವಲ್ಲ.”

ಇದಕ್ಕೆ ಯಾವ ಗ್ರಂಥದಲ್ಲೂ ಉತ್ತರವಿರಲಿಲ್ಲ. ಗುರುಗಳಿಗೂ ಗೊತ್ತಿರಲಿಲ್ಲ.

ಕೆಂಪಾಜಮ್ಮ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಏಳಕ್ಕಾಗಲ್ಲ ಅಂದಿದ್ದವಳು!

“ಒಂದೇ ಸಲ ಸುರೀಬೇಡ ಕಣವ್ವ, ಕಪ್ಪಾಗ್ಬಿಡ್ತದೆ. ಚೂರು ಚೂರೇ ಹುಯ್ಯಿ. ಹುಯ್ತಾ ಕಲಸು. ಅಂಗೈಲಿ ಅಲ್ಲ, ಬೆರಳಲ್ಲಿ.”

“ನಿಮಗೇನೂ ಬೇಜಾರಿಲ್ವಾ, ಕೆಂಪಾಜಮ್ಮ?”

“ನಾವೆಲ್ಲಿ ಬ್ಯಾಡ ಅಂದಿದ್ವವ್ವ? ಯಾರೋ ಅಂದ್ರು, ಸುಮ್ಕಿದ್ವಿ.” ಆ ಮಾತು ತನಗೇ ಕೇಳಿಸಿತು ಅನ್ನಿಸುತ್ತದೆ. ಮುದುಕಿ ದೇವೀರಮ್ಮನ ಪಕ್ಕದಲ್ಲೇ ಕೂತಳು.

ದೇವೀರಮ್ಮ ಸುಣ್ಣದ ತಿಳಿ ಹುಯ್ದಳು.

ಹಳದಿಯ ಮೇಲೆ ನೀರು ಬಿದ್ದ ಕಡೆ ಒಂದು ಕೆಂಪು ಗೆರೆ ಎದ್ದಿತು. ಅವಳ ಬೆರಳು ಒಂದು ಕ್ಷಣ ನಿಂತುಬಿಟ್ಟಿತು. ಒಂಬತ್ತು ವರ್ಷ ಅವಳು ಕುಟ್ಟಿದ ಅರಿಸಿನ ಎಷ್ಟು ಮೂಟೆಯೋ. ಅದು ಕೆಂಪಾಗುವುದನ್ನು ಕಣ್ಣಾರೆ ಕಂಡದ್ದು ಆಗ. ಮತ್ತೆ ಕಲಸಲು ಶುರುಮಾಡಿದಳು, ಜೋರಾಗಿ, ಯಾರನ್ನೋ ಜಗ್ಗಾಡುವ ಹಾಗೆ.

ಪರ್ವತಯ್ಯ ಒದ್ದೆ ಶಲ್ಯ ಹಿಡಿದು ಅಲ್ಲೇ ನಿಂತಿದ್ದ. ಮೆಲ್ಲಗೆ ಕೇಳಿದ.

“ಇದು… ಹೋಗೋದು ಹೇಗೆ?”

ಒಂಬತ್ತು ವರ್ಷದಲ್ಲಿ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ. ಅಲ್ಲಿಯ ತನಕ ಬರೀ ಅಪ್ಪಣೆಗಳು.

ಅವಳು ತಲೆ ಎತ್ತಲಿಲ್ಲ.

“ನಿಂಬೆಹಣ್ಣು ಹಿಂಡಿ. ಹಳದಿಗೆ ಬರುತ್ತೆ. ಹಳದಿ ಬಿಸಿಲಲ್ಲಿ ಹೋಗುತ್ತೆ. ನೆರಳಲ್ಲಿ ಕೂತರೆ ಹೋಗಲ್ಲ.”

“ಪಟ್ಟ?” ಅಂತ ಗುರುಗಳ ಕಡೆ ತಿರುಗಿದ.

“ಮೊದಲು ಅದನ್ನ ಹೊದ್ದುಕೊಂಡು ಬಿಸಿಲಲ್ಲಿ ಕೂರು,” ಅಂದರು ಗುರುಗಳು. “ಕಲೆ ಹೋದ ಮೇಲೆ ಬಾ. ಮಾತಾಡೋಣ.”

ಪರ್ವತಯ್ಯ ಕೆಂಪು ಕೈಯಿದ್ದ ಶಲ್ಯ ಹೊದ್ದು ಅಂಗಳದ ತುದಿಯಲ್ಲಿ ಕೂತ. ಬಿಸಿಲು ಚುರುಕಾಗಿತ್ತು.

ಗುರುಗಳು ದೇವೀರಮ್ಮನನ್ನೇ ನೋಡುತ್ತಿದ್ದರು.

“ಬಣ್ಣ ಎಲ್ಲಿಂದ ಬರುತ್ತವ್ವಾ?”

“ಮುಟ್ಟಿದರೆ ಬರುತ್ತೆ,” ಅಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. “ಬೇರೆ ಬೇರೆ ಇಟ್ಟರೆ ಇದು ಹಳದಿ, ಅದು ಬಿಳಿ. ನೂರು ವರ್ಷ ಇಟ್ಟರೂ ಅಷ್ಟೇ.”

ಗುರುಗಳು ಸೊಂಟದಲ್ಲಿದ್ದ ಎರಡು ಅವರೆಕಾಳನ್ನು ಮೊರಕ್ಕೆ ಹಾಕಿದರು.

ಬಿಸಿಲಿಗೆ ಅವಳ ಮುಖದ ಮೇಲೆ ಬೆವರಿಳಿಯಿತು. ಕೆಲಸದ ನಡುವೆ ಯಾರಾದರೂ ಮಾಡುವಂತೆ ಮುಂಗೈಯಿಂದ ಹಣೆ ಒರೆಸಿಕೊಂಡಳು.

ಜಗಲಿಯ ಮೇಲಿದ್ದ ಇಬ್ಬರು ಮುತ್ತೈದೆಯರು “ಅಯ್ಯಯ್ಯೋ!” ಅಂದರು.

“ಏನು?”

“ಹಣೆ ಮೇಲೆ… ಕೆಂಪು ಮೆತ್ಕೊಂಡಿದೆ ಕಣೆ.”

ದೇವೀರಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು. ಸೆರಗು ಹಣೆಯ ಹತ್ತಿರ ಬಂತು. ಅಲ್ಲೇ ನಿಂತಿತು.

ಅವಳು ಸೆರಗು ಬಿಟ್ಟಳು. ಮತ್ತೆ ಹರಿವಾಣಕ್ಕೆ ಕೈ ಹಾಕಿ ಕಲಸತೊಡಗಿದಳು.

ಪರ್ವತಯ್ಯ ಬಿಸಿಲಿನಿಂದ ಎದ್ದು ಬಂದ. ಅವಳ ಹಣೆ ನೋಡಿದ. ಹರಿವಾಣ ನೋಡಿದ. ನಾಳಿದ್ದು ಎರಡು ತಟ್ಟೆ ಹಿಡಿದು ನಿಲ್ಲಬೇಕಾದವನು ಅವನೇ.

“ಬುದ್ಧಿ,” ಅಂದ. ದನಿ ಸಣ್ಣಗಾಗಿತ್ತು. “ನಾಳಿದ್ದು ಸಾಲು ಹೇಗೆ ನಿಲ್ಲಿಸಲಿ? ಈ ಕುಂಕುಮ ಯಾರಿಗೆ ಕೊಡೋದು?”

ಗುರುಗಳು ಮೊರ ಮುಂದಕ್ಕೆಳೆದುಕೊಂಡರು.

“ಹಣೆ ಇರೋರಿಗೆ.”